ಸಾಲ್ ಬ್ರಾಡ್‌ಸ್ಕಿ: ಚಿತ್ರ ಬರೆಯುತ್ತಿದ್ದವರು ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದು ಯಾಕೆ?

ಕಪ್ಪುಮಸಿ (ಪ್ರಶ್ನೆ):

ಹಳೆಯ ಮಾರ್ವೆಲ್ ಕಾಮಿಕ್ಸ್ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ. 'ಫೆಂಟಾಸ್ಟಿಕ್ ಫೋರ್' ಶುರುವಿನ ಸಂಚಿಕೆಗಳನ್ನು ಮರುಮುದ್ರಣದಲ್ಲಿ ಓದುತ್ತಿದ್ದೇನೆ. ಪೆನ್ಸಿಲ್ ಕೆಲಸವೆಲ್ಲ ಜಾಕ್ ಕರ್ಬಿ ಅವರದು. 3 ಮತ್ತು 4ನೇ ಸಂಚಿಕೆಗೆ ಇಂಕಿಂಗ್ (ಪೆನ್ಸಿಲ್ ಗೆರೆಗಳ ಮೇಲೆ ಮಸಿಯಲ್ಲಿ ಬರೆಯುವುದು) ಮಾಡಿದವರು ಸಾಲ್ ಬ್ರಾಡ್‌ಸ್ಕಿ ಅಂತಿದೆ. ಗೆರೆ ತುಂಬಾ ಅಚ್ಚುಕಟ್ಟು. ಕರ್ಬಿಯ ಪೆನ್ಸಿಲ್‌ನಲ್ಲಿರುವ ಜೋರು ಎಲ್ಲೂ ಕಡಿಮೆಯಾಗಿಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುವವರು ಮುಂದೆ ಏನೇನು ಬರೆದರು ಅಂತ ಹುಡುಕಿದರೆ ಸಿಗುವುದು ಕಡಿಮೆ. 1964ರಿಂದ ಅವರು ಮಾರ್ವೆಲ್‌ನ ಪ್ರೊಡಕ್ಷನ್ ಮ್ಯಾನೇಜರ್.

ಕೇಳುವುದಕ್ಕೆ ನನಗೆ ಸ್ವಂತ ಕಾರಣವೂ ಇದೆ. ನಾನು ಮಕ್ಕಳ ಚಿತ್ರಕಥೆ ಮಾಡುವ ಒಂದು ಚಿಕ್ಕ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತೇನೆ. ಈಗ ಮಾಲೀಕರು ಪ್ರೊಡಕ್ಷನ್ ನೋಡಿಕೋ ಅನ್ನುತ್ತಿದ್ದಾರೆ. ಯಾರ ಪುಟ ಎಲ್ಲಿಗೆ ಬಂತು, ಬಣ್ಣ ಮುಗಿಯಿತಾ, ಪ್ರೆಸ್‌ಗೆ ಫೈಲ್ ಯಾವಾಗ ಹೋಗಬೇಕು, ಎಲ್ಲ ನನ್ನ ತಲೆಗೆ. ಸಂಬಳ ಜಾಸ್ತಿ. ಆದರೆ ಜೊತೆಗಾರರು "ಆ ಕುರ್ಚಿಯಲ್ಲಿ ಕೂತವರು ಮತ್ತೆ ಬ್ರಷ್ ಹಿಡಿದಿದ್ದನ್ನು ನೋಡಿಲ್ಲ" ಅನ್ನುತ್ತಾರೆ. ಬ್ರಾಡ್‌ಸ್ಕಿ ಯಾಕೆ ಹೋದರು? ಚಿತ್ರ ಬಿಟ್ಟೇಬಿಟ್ಟರಾ? ಅವರ ಜೀವನ ಹೇಗೆ ನಡೆಯಿತು ಅಂತ ಗೊತ್ತಾದರೆ ನನಗೂ ಯೋಚಿಸಲು ಏನೋ ಒಂದು ಸಿಗುತ್ತದೆ.


ರದ್ದಿಪೇಪರ್:

ಒಳ್ಳೆಯ ಪ್ರಶ್ನೆ. ಬ್ರಾಡ್‌ಸ್ಕಿ ಬಗ್ಗೆ ಮಾತಾಡುವವರೇ ಕಡಿಮೆ, ನನಗೆ ತುಂಬಾ ಇಷ್ಟವಾದ ಮನುಷ್ಯ.

ಹುಟ್ಟಿದ್ದು 1923ರಲ್ಲಿ, ಬ್ರೂಕ್ಲಿನ್‌ನಲ್ಲಿ. ಮಾರ್ವೆಲ್‌ಗೆ 1950ರ ದಶಕದಲ್ಲಿ ಅಟ್ಲಾಸ್ ಅಂತ ಹೆಸರಿತ್ತು, ಆ ಕಾಲದಿಂದಲೇ ಅಲ್ಲಿಗೆ ಚಿತ್ರ ಬರೆದುಕೊಡುತ್ತಿದ್ದರು. ನೀವು "ಯಾಕೆ ಹೋದರು" ಅಂತ ಕೇಳಿದ್ದೀರಿ. ಅದಕ್ಕೆ 1957 ನೋಡಬೇಕು. ಆ ವರ್ಷ ಅಟ್ಲಾಸ್ ಪತ್ರಿಕೆಗಳನ್ನು ಅಂಗಡಿಗಳಿಗೆ ಹಂಚುತ್ತಿದ್ದ ಅಮೆರಿಕನ್ ನ್ಯೂಸ್ ಕಂಪನಿ ಆ ವ್ಯವಹಾರವನ್ನೇ ನಿಲ್ಲಿಸಿತು. ಮಾಲೀಕ ಮಾರ್ಟಿನ್ ಗುಡ್‌ಮನ್ ಬೇರೆ ದಾರಿಯಿಲ್ಲದೆ ಇಂಡಿಪೆಂಡೆಂಟ್ ನ್ಯೂಸ್ ಹತ್ತಿರ ಹೋದರು. ಅದು ಎದುರಾಳಿ ಡಿಸಿ ಮಾಲೀಕರದ್ದೇ ಕಂಪನಿ! ಅವರು ತಿಂಗಳಿಗೆ ಎಂಟು ಕಾಮಿಕ್ಸ್‌ಗಿಂತ ಜಾಸ್ತಿ ಹಂಚುವುದಿಲ್ಲ ಅಂದರು. ಹತ್ತಾರು ಪತ್ರಿಕೆ ತರುತ್ತಿದ್ದ ಸಂಸ್ಥೆ ಒಂದೇ ಏಟಿಗೆ ಎಂಟಕ್ಕೆ ಇಳಿಯಿತು. ಆಫೀಸಿನಲ್ಲಿದ್ದವರನ್ನೆಲ್ಲ ಕಳಿಸಿದರು, ಹೆಚ್ಚುಕಡಿಮೆ ಸಂಪಾದಕ ಸ್ಟ್ಯಾನ್ ಲೀ ಒಬ್ಬರೇ ಉಳಿದರು. ಹೊರಗಿನಿಂದ ಪುಟ ಬರೆದು ಕೊಡುತ್ತಿದ್ದವರಿಗೂ ಕೆಲಸ ಇಲ್ಲ.

ಆಗ ಬ್ರಾಡ್‌ಸ್ಕಿ ಏನು ಮಾಡಿದರು ನೋಡಿ. 1958ರಲ್ಲಿ 'ಕ್ರ್ಯಾಕ್ಡ್' ಅನ್ನುವ ಹಾಸ್ಯ ಪತ್ರಿಕೆ ಶುರುವಾಯಿತು, ಅದರ ಮೊದಲ ಸಂಪಾದಕರು ಅವರೇ. ಅಂದರೆ ಪ್ರೊಡಕ್ಷನ್ ಕುರ್ಚಿಗೆ ಬರುವ ಆರು ವರ್ಷ ಮೊದಲೇ ಅವರು ಒಂದು ಪತ್ರಿಕೆಯನ್ನು ಶೂನ್ಯದಿಂದ ಕಟ್ಟಿ ಪ್ರೆಸ್‌ಗೆ ಕಳಿಸಿದವರು. ಚಿತ್ರ ಬಿಟ್ಟು ಏಕಾಏಕಿ ಮ್ಯಾನೇಜರ್ ಆದವರಲ್ಲ ಅಂತ ನನ್ನ ಅಭಿಪ್ರಾಯ. ಕೈಯಲ್ಲಿ ಬ್ರಷ್ ಇದ್ದಾಗಲೂ ಅವರ ತಲೆಯಲ್ಲಿ ಇಡೀ ಪತ್ರಿಕೆ ಇರುತ್ತಿತ್ತು.

1961ರ ಕೊನೆಗೆ 'ಫೆಂಟಾಸ್ಟಿಕ್ ಫೋರ್' ಬಂತು. ನೀವು ಹೇಳಿದ ಎರಡೂ ಸಂಚಿಕೆ 1962ರವು. ಆ ನಾಲ್ವರು ಮೊದಲ ಸಲ ನೀಲಿ ಉಡುಪು ಹಾಕಿದ್ದು 3ನೇ ಸಂಚಿಕೆಯಲ್ಲಿ, ಸಬ್‌ಮ್ಯಾರಿನರ್ ಅನ್ನುವ ಹಳೆಯ ಪಾತ್ರ ಮತ್ತೆ ಬಂದಿದ್ದು 4ನೇ ಸಂಚಿಕೆಯಲ್ಲಿ. ಎರಡಕ್ಕೂ ಬ್ರಾಡ್‌ಸ್ಕಿ ಇಂಕ್. ಆ ಪತ್ರಿಕೆಯ ತಲೆಬರಹದ ಲೋಗೊ ವಿನ್ಯಾಸದಲ್ಲೂ ಅವರ ಕೈ ಇದೆ. ಇಷ್ಟು ಕೆಲಸ ಮಾಡಿದವರ ಹೆಸರು ಇಂದಿಗೂ ಬರೀ ತಿಳಿದವರ ಮಧ್ಯೆ ಉಳಿದಿದೆ ಅನ್ನುವುದು ನನಗೆ ನಿಜವಾಗಿ ಬೇಸರ ತರುತ್ತದೆ.


ಪ್ಲೇಟ್‌ಮೇಕರ್:

ನಾನು ಪ್ರೆಸ್ ಕಡೆಯವನು, ಹಾಗಾಗಿ ಆ ಕುರ್ಚಿಯ ಕೆಲಸ ಏನಿತ್ತು ಅಂತ ಹೇಳುತ್ತೇನೆ. ಅದು ಗೊತ್ತಾಗದೆ ಬ್ರಾಡ್‌ಸ್ಕಿ ಅರ್ಥವಾಗುವುದಿಲ್ಲ.

ಆಗ ಪುಟವನ್ನು ದೊಡ್ಡ ಹಲಗೆಯ ಮೇಲೆ ಬರೆಯುತ್ತಿದ್ದರು. ಚಿತ್ರದ ಅಳತೆ ಸುಮಾರು ಹನ್ನೆರಡೂವರೆ ಇಂಚು ಅಗಲ, ಹದಿನೆಂಟೂವರೆ ಇಂಚು ಎತ್ತರ. ಅಚ್ಚಾಗುವಾಗ ಅದು ಅರ್ಧಕ್ಕೂ ಹತ್ತಿರ ಇಳಿಯುತ್ತದೆ. (1967ರಲ್ಲಿ ಇದನ್ನು 10ಕ್ಕೆ 15 ಇಂಚು ಮಾಡಿದರು. ಆಮೇಲೆ ಚಿತ್ರಗಳ ಒಳಗಿನ ವಿವರವೇ ಬದಲಾಯಿತು. ಹಳೆಯದು ಹೊಸದು ಪಕ್ಕದಲ್ಲಿಟ್ಟು ನೋಡಿ, ಕಣ್ಣಿಗೆ ಕಾಣುತ್ತದೆ.) ಮಾರ್ವೆಲ್‌ನಲ್ಲಿ ಮೊದಲು ಕಥೆಯ ಎಳೆ, ಆಮೇಲೆ ಪೆನ್ಸಿಲ್, ಅದನ್ನು ನೋಡಿಕೊಂಡು ಸ್ಟ್ಯಾನ್ ಲೀ ಸಂಭಾಷಣೆ, ಆಮೇಲೆ ಆರ್ಟಿ ಸೈಮೆಕ್ ಅಥವಾ ಸ್ಯಾಮ್ ರೋಸನ್ ಲೆಟರಿಂಗ್ (ಪುಟದ ಮೇಲೆ ಮಾತುಗಳನ್ನು ಕೈಯಲ್ಲಿ ಬರೆಯುವುದು), ಆಮೇಲೆ ಇಂಕ್. ಪ್ರತಿ ಹಂತದಲ್ಲೂ ಹಲಗೆ ಒಬ್ಬರ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಇನ್ನೊಬ್ಬರ ಮನೆಗೆ ಹೋಗಬೇಕು. ಫೋನ್ ಮಾಡಿ ಕೇಳಬೇಕು, ಅಂಚೆಗೆ ಕಾಯಬೇಕು. ಆಮೇಲೆ 1954ರಲ್ಲಿ ಬಂದ ಕಾಮಿಕ್ಸ್ ಕೋಡ್‌ನವರಿಗೆ (ಕಾಮಿಕ್ಸ್‌ನಲ್ಲಿ ಏನಿರಬಹುದು, ಏನಿರಬಾರದು ಅಂತ ನೋಡುತ್ತಿದ್ದವರು) ಪುಟ ತೋರಿಸಬೇಕು. ಅವರು ಇದು ಆಗದು ಅಂದರೆ ಆಫೀಸಿನಲ್ಲೇ ಬಿಳಿ ಬಣ್ಣ ಹಚ್ಚಿ ತಿದ್ದಬೇಕು. ತಿದ್ದುವವರು ಯಾರು? ಆ ಹೊತ್ತಿಗೆ ಆಫೀಸಿನಲ್ಲಿ ಬ್ರಷ್ ಹಿಡಿಯಬಲ್ಲವರು.

ಬಣ್ಣದ ಕಥೆ ಇನ್ನೂ ಇದೆ. ಹಳದಿ, ಕೆಂಪು, ನೀಲಿ, ಮೂರಕ್ಕೂ 25, 50, 100 ಪರ್ಸೆಂಟ್ ಅಂತ ಮೂರೇ ದರ್ಜೆ. ಯಾವುದನ್ನೂ ಹಾಕದೇ ಇರುವುದನ್ನೂ ಸೇರಿಸಿದರೆ ಒಟ್ಟು 64 ಬಣ್ಣ. ಅಷ್ಟರಲ್ಲೇ ಎಲ್ಲ ಆಗಬೇಕು. ಮೇರಿ ಸೆವೆರಿನ್, ಸ್ಟ್ಯಾನ್ ಗೋಲ್ಡ್‌ಬರ್ಗ್ ಇವರೆಲ್ಲ ಪುಟದ ಪ್ರತಿಯ ಮೇಲೆ ಬಣ್ಣ ಹಚ್ಚಿ, ಸಂಕೇತ ಬರೆದು ಕೊಡುತ್ತಿದ್ದರು. ಅದು ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ಗೆ ಹೋಗುತ್ತಿತ್ತು. ಅಲ್ಲಿ ಒಂದೊಂದು ದರ್ಜೆಗೆ ಒಂದೊಂದು ಹಾಳೆ ಇಟ್ಟು ಕೈಯಲ್ಲೇ ಬಣ್ಣ ಬೇರ್ಪಡಿಸುತ್ತಿದ್ದರು, ಹೆಚ್ಚಾಗಿ ಹೆಂಗಸರು. ಅಲ್ಲಿಂದ ಮುಂದೆ ಇಲಿನಾಯ್‌ನ ಸ್ಪಾರ್ಟಾ ಊರಿನ ದೊಡ್ಡ ಪ್ರೆಸ್. ಅದೂ ಆಫ್‌ಸೆಟ್ ಅಲ್ಲ, ರೋಟರಿ ಲೆಟರ್‌ಪ್ರೆಸ್ (ಉಬ್ಬಿದ ಅಚ್ಚನ್ನು ನೇರವಾಗಿ ಕಾಗದಕ್ಕೆ ಒತ್ತುವ ಮುದ್ರಣ), ಕಾಗದ ಅಗ್ಗದ ನ್ಯೂಸ್‌ಪ್ರಿಂಟ್. ಇಂಕ್ ಹರಡುತ್ತದೆ, ಸಣ್ಣ ಗೆರೆ ತುಂಡಾಗುತ್ತದೆ, ಒತ್ತೊತ್ತಾಗಿ ಗೀಚಿದ ನೆರಳು ಒಂದೇ ಕಪ್ಪು ಮುದ್ದೆಯಾಗುತ್ತದೆ.

ಈಗ ಹೇಳಿ, ಯಾವ ಗೆರೆ ಆ ಕಾಗದದ ಮೇಲೆ ಉಳಿಯುತ್ತದೆ ಅಂತ ಯಾರಿಗೆ ಗೊತ್ತಿರುತ್ತದೆ? ಲೆಕ್ಕಪತ್ರ ಓದಿದವರಿಗಾ, ಇಂಕಿಂಗ್ ಮಾಡಿದವರಿಗಾ? ಬ್ರಾಡ್‌ಸ್ಕಿಯ ಇಂಕ್ ಅಷ್ಟು ತಿಳಿಯಾಗಿರುವುದಕ್ಕೂ ಅವರು ಈ ಕೆಲಸಕ್ಕೆ ಹೊಂದಿದ್ದಕ್ಕೂ ಕಾರಣ ಒಂದೇ ಅಂತ ನಾನು ನಂಬುತ್ತೇನೆ. ಅವರು ಹಲಗೆಯನ್ನು ನೋಡುವಾಗಲೇ ಅಚ್ಚಾದ ಪುಟವನ್ನು ನೋಡುತ್ತಿದ್ದರು.

'ಡೇರ್‌ಡೆವಿಲ್' 1ನೇ ಸಂಚಿಕೆಯ ಕಥೆ ಕೇಳಿದ್ದೀರಾ? ಸಂಚಿಕೆಯ ಮೇಲಿನ ತಿಂಗಳು ಏಪ್ರಿಲ್ 1964. ಚಿತ್ರ ಬಿಲ್ ಎವರೆಟ್ ಅವರದು. ಸಬ್‌ಮ್ಯಾರಿನರ್ ಸೃಷ್ಟಿಸಿದ ದೊಡ್ಡ ಕಲಾವಿದ, ಆದರೆ ಆಗ ಬೇರೆ ಕಡೆ ಪೂರ್ಣಾವಧಿ ಕೆಲಸದಲ್ಲಿದ್ದರು. ಪುಟಗಳು ತುಂಬಾ ತಡವಾದವು. ಪ್ರೆಸ್‌ನಲ್ಲಿ ಸಮಯ ಮೊದಲೇ ಹಿಡಿದಿರುತ್ತಾರೆ, ನಾವು ಪುಟ ಕೊಟ್ಟರೂ ಕೊಡದಿದ್ದರೂ ಆ ಸಮಯಕ್ಕೆ ದುಡ್ಡು ಕಟ್ಟಲೇಬೇಕು. ಇದು ಇವತ್ತಿಗೂ ಹಾಗೇ. ಆಗ ಬ್ರಾಡ್‌ಸ್ಕಿ ಮತ್ತು ಸ್ಟೀವ್ ಡಿಟ್ಕೊ ಕೂತು ಹಿನ್ನೆಲೆಗಳಿಗೆ, ಚಿಕ್ಕಪುಟ್ಟ ಪಾತ್ರಗಳಿಗೆ ಇಂಕ್ ಹಾಕಿ ಮುಗಿಸಿದರು. ಮುಖಪುಟಕ್ಕೂ ಮೊದಲ ಪುಟಕ್ಕೂ ಕರ್ಬಿ ಬರೆದಿಟ್ಟಿದ್ದ ಪಾತ್ರದ ಚಿತ್ರವನ್ನೇ ಬಳಸಿಕೊಂಡರು. ಸಂಚಿಕೆ ಹೊರಬಂತು. ಅರವತ್ತು ವರ್ಷ ದಾಟಿದರೂ ಆ ಪಾತ್ರ ಬದುಕಿದೆ. ಪ್ರೊಡಕ್ಷನ್ ಮ್ಯಾನೇಜರ್‌ಗೆ ಚಿತ್ರ ಬರೆಯಲು ಬರದೇ ಇದ್ದಿದ್ದರೆ ಆ ವಾರ ಏನಾಗುತ್ತಿತ್ತು ಅಂತ ಯೋಚಿಸಿ.


ಕಪ್ಪುಮಸಿ:

ಅಬ್ಬಾ, ಇಷ್ಟೊಂದು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. 64 ಬಣ್ಣದ ಲೆಕ್ಕ ನನಗೆ ಗೊತ್ತಿರಲಿಲ್ಲ. ಒಂದು ಪ್ರಶ್ನೆ ಉಳಿದಿದೆ. ನನಗೆ ಪುಟ ತಿದ್ದುವುದಕ್ಕೆ ಭಯವಿಲ್ಲ, ಜನರ ಬಗ್ಗೆ ಭಯ. ನಿನ್ನೆ ಜೊತೆಯಲ್ಲಿ ಟೀ ಕುಡಿದವರ ಹತ್ತಿರ ಇವತ್ತು "ಪುಟ ಎಲ್ಲಿ" ಅಂತ ಕೇಳಬೇಕು. ಬ್ರಾಡ್‌ಸ್ಕಿ ಇದನ್ನು ಹೇಗೆ ನಿಭಾಯಿಸಿದರು?


ಗೆರೆಗಾರ್ತಿ:

ಕಪ್ಪುಮಸಿ ಅವರೇ, ಇದಕ್ಕೆ ಡಿಟ್ಕೊ ಪ್ರಸಂಗವೇ ಉತ್ತರ.

ಡಿಟ್ಕೊ 'ಸ್ಪೈಡರ್‌ಮ್ಯಾನ್' ಬರೆಯುತ್ತಿದ್ದ ಕೊನೆಯ ದಿನಗಳಲ್ಲಿ ಅವರಿಗೂ ಸ್ಟ್ಯಾನ್ ಲೀ ಅವರಿಗೂ ಮಾತೇ ಇರಲಿಲ್ಲ. ಜಗತ್ತಿಗೇ ಗೊತ್ತಾದ ಜೋಡಿ, ಒಂದೇ ಪತ್ರಿಕೆ ಮಾಡುತ್ತಿದ್ದಾರೆ, ಆದರೆ ಎದುರು ಕೂತು ಮಾತಾಡುವುದಿಲ್ಲ. ಆದರೂ ಪತ್ರಿಕೆ ತಿಂಗಳು ತಿಂಗಳು ಬಂತು. ಹೇಗೆ? ಡಿಟ್ಕೊ ಪುಟಗಳನ್ನು ತಂದು ಬ್ರಾಡ್‌ಸ್ಕಿ ಕೈಗೆ ಕೊಡುತ್ತಿದ್ದರು, ಬ್ರಾಡ್‌ಸ್ಕಿ ಒಳಗೆ ಲೀ ಅವರಿಗೆ ಕೊಡುತ್ತಿದ್ದರು. ಕೊನೆಗೆ ಕೆಲಸ ಬಿಡುತ್ತೇನೆ ಅಂತ ಡಿಟ್ಕೊ ಹೇಳಿದ್ದೂ ಬ್ರಾಡ್‌ಸ್ಕಿಗೇ. 1966ರ 38ನೇ ಸಂಚಿಕೆ ಡಿಟ್ಕೊ ಅವರ ಕೊನೆಯದು, 39ರಿಂದ ಜಾನ್ ರೊಮಿಟಾ. ಮಧ್ಯೆ ಒಂದು ತಿಂಗಳೂ ತಪ್ಪಲಿಲ್ಲ.

ಇಬ್ಬರೂ ನಂಬುವ ಮನುಷ್ಯ ಮಧ್ಯದಲ್ಲಿ ಇರುವುದು ಎಷ್ಟು ಕಷ್ಟ ಅಲ್ವಾ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಬಣ್ಣ ಕಟ್ಟದೆ ತಲುಪಿಸಬೇಕು. ತಾನು ಯಾರ ಕಡೆ ಅಂತ ತೋರಿಸಬಾರದು. ಡಿಟ್ಕೊ ಅವರಂಥವರು ಅವರಿಗೆ ಪುಟ ಕೊಡಲು ಒಪ್ಪಿದ್ದು ಬ್ರಾಡ್‌ಸ್ಕಿ ಕೂಡ ಹಲಗೆ ಮುಂದೆ ಕೂತು ಬೆನ್ನು ನೋಯಿಸಿಕೊಂಡವರು ಅನ್ನುವ ಕಾರಣಕ್ಕೆ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಮಾರ್ವೆಲ್ 1965ರಲ್ಲಿ ತನ್ನ ಅಭಿಮಾನಿ ಸಂಘಕ್ಕೆ ಒಂದು ಗ್ರಾಮೊಫೋನ್ ರೆಕಾರ್ಡ್ ಕಳಿಸಿತ್ತು. ಅದರಲ್ಲಿ ಲೀ, ಕರ್ಬಿ, ಲೀ ಅವರ ಕಾರ್ಯದರ್ಶಿ ಫ್ಲೋ ಸ್ಟೈನ್‌ಬರ್ಗ್ ಎಲ್ಲರ ದನಿ ಇದೆ, ಬ್ರಾಡ್‌ಸ್ಕಿ ದನಿಯೂ ಇದೆ. ಡಿಟ್ಕೊ ಇಲ್ಲ. ಹುಡುಕಿ ಕೇಳಿ. "ಜಾಲಿ ಸಾಲಿ" ಅಂತ ಅವರನ್ನು ಪತ್ರಿಕೆಯಲ್ಲಿ ಪ್ರೀತಿಯಿಂದ ಕರೆಯುತ್ತಿದ್ದರು.

ನಿಮ್ಮ ಜೊತೆಗಾರರಿಗೆ ಪುಟ ಕೇಳುವಾಗ ಯಾಕೆ ಬೇಕು, ಯಾವತ್ತು ಪ್ರೆಸ್, ಒಂದು ದಿನ ತಡವಾದರೆ ಯಾರ ಮೇಲೆ ಬೀಳುತ್ತದೆ ಅಂತ ಬಿಡಿಸಿ ಹೇಳಿ. ಲೆಟರಿಂಗ್ ಮಾಡುವವರು ರಾತ್ರಿ ನಿದ್ದೆಗೆಡುತ್ತಾರೆ ಅಂತ ಗೊತ್ತಾದರೆ ಪೆನ್ಸಿಲ್ ಮಾಡುವವರು ಬೇಗ ಕೊಡುತ್ತಾರೆ. ನನ್ನ ಅನುಭವ ಇದು.


ತಿರುಗುಬಾಣ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಎಲ್ಲರೂ ಬ್ರಾಡ್‌ಸ್ಕಿಯನ್ನು ಹೊಗಳುತ್ತಿದ್ದೀರಿ, ಸರಿ. ಆದರೆ 1962ರ ಆ ಎರಡು ಸಂಚಿಕೆಗಳಲ್ಲಿ ಇಂಕರ್ ಹೆಸರೇ ಅಚ್ಚಾಗಿರಲಿಲ್ಲ. ಆಮೇಲೆ ಆ ಕುರ್ಚಿಯಲ್ಲಿ ಕೂತು ಮಾಡಿದ ಸಾವಿರ ತಿದ್ದುಪಡಿಗಳಿಗೂ ಹೆಸರಿಲ್ಲ. ಪುಟದ ಮೇಲೆ ಹೆಸರು ಬರಬೇಕು ಅನ್ನುವ ಆಸೆ ಇರುವ ಕಲಾವಿದರಿಗೆ ಇದು ದೊಡ್ಡ ನಷ್ಟ. ಅದನ್ನು ಒಪ್ಪಿಕೊಂಡೇ ನಿರ್ಧಾರ ಮಾಡಬೇಕು. ಅವರ ನಂತರ ಬಂದ ಜಾನ್ ವರ್‌ಪೂರ್ಟನ್ ನೋಡಿ. ಅವರೂ ಇಂಕರ್, ಕೈ ಚೆನ್ನಾಗಿತ್ತು, ಕರ್ಬಿ 1976ರಲ್ಲಿ ಶುರು ಮಾಡಿದ 'ದಿ ಎಟರ್ನಲ್ಸ್' ಮೊದಲ ಸಂಚಿಕೆಗಳಿಗೆ ಇಂಕ್ ಅವರದೇ. ಎಷ್ಟು ತೂಕದ ಗೆರೆ! ಆದರೆ ಏಳು ವರ್ಷ ಪ್ರೊಡಕ್ಷನ್ ನೋಡಿಕೊಂಡರು, 1977ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇನ್ನೂ ನಲವತ್ತೂ ಆಗಿರಲಿಲ್ಲ. ಆ ಏಳು ವರ್ಷದಲ್ಲಿ ಮಾರ್ವೆಲ್ ತರುತ್ತಿದ್ದ ಪತ್ರಿಕೆಗಳ ಸಂಖ್ಯೆ ಏರುತ್ತಲೇ ಇತ್ತು, ಎಲ್ಲವೂ ಒಂದೇ ಮೇಜಿನ ಮೇಲೆ ಹಾದು ಹೋಗಬೇಕು. ಅವರು ಇನ್ನಷ್ಟು ಇಂಕ್ ಮಾಡಬೇಕಿತ್ತು ಅಂತ ಆ ಪುಟಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.


ರದ್ದಿಪೇಪರ್:

ತಿರುಗುಬಾಣ ಹೇಳಿದ್ದು ಒಪ್ಪುವ ಮಾತು. ಆದರೆ ಬ್ರಾಡ್‌ಸ್ಕಿ ಅಲ್ಲೇ ನಿಲ್ಲಲಿಲ್ಲ, ಅದನ್ನೂ ಹೇಳಬೇಕು.

1970ರಲ್ಲಿ ಮಾರ್ವೆಲ್ ಚೆನ್ನಾಗಿ ನಡೆಯುತ್ತಿದ್ದಾಗಲೇ ಕೆಲಸ ಬಿಟ್ಟರು. ಇಸ್ರೇಲ್ ವಾಲ್ಡ್‌ಮನ್ ಜೊತೆ ಸೇರಿ ಸ್ವಂತ ಪ್ರಕಾಶನ ತೆಗೆದರು, ಹೆಸರು ಸ್ಕೈವಾಲ್ಡ್. ಕಪ್ಪು ಬಿಳುಪಿನ ಹಾರರ್ ಪತ್ರಿಕೆಗಳು, 'ನೈಟ್‌ಮೇರ್', 'ಸೈಕೊ' ಇತ್ಯಾದಿ. ಮ್ಯಾಗಜಿನ್ ಅಳತೆ ಆದ್ದರಿಂದ ಕಾಮಿಕ್ಸ್ ಕೋಡ್ ಕಾಟ ಇಲ್ಲ, ಬಣ್ಣದ ಖರ್ಚೂ ಇಲ್ಲ. ಪ್ರೊಡಕ್ಷನ್ ಗೊತ್ತಿರುವವರು ಮಾಡುವ ಲೆಕ್ಕಾಚಾರ ಅಂದರೆ ಇದೇ. ಆದರೆ ಮಾರುಕಟ್ಟೆಯಲ್ಲಿ ವಾರೆನ್ ಕಂಪನಿಯ 'ಕ್ರೀಪಿ' 1964ರಿಂದಲೇ ಬೇರೂರಿತ್ತು. 1972ಕ್ಕೆ ಬ್ರಾಡ್‌ಸ್ಕಿ ಮಾರ್ವೆಲ್‌ಗೆ ವಾಪಸ್ ಬಂದರು. ಸ್ಕೈವಾಲ್ಡ್ ಅನ್ನು ಅಲ್ ಹ್ಯೂಟ್ಸನ್ ನಡೆಸಿದರು, 1975ರಲ್ಲಿ ನಿಂತಿತು.

ವಾಪಸ್ ಬಂದವರಿಗೆ ಹಳೆಯ ಕುರ್ಚಿ ಖಾಲಿ ಇರಲಿಲ್ಲ, ಅಲ್ಲಿ ವರ್‌ಪೂರ್ಟನ್ ಇದ್ದರು. ಆಗ ಅವರು ಬ್ರಿಟನ್‌ಗೆ ಪತ್ರಿಕೆ ಮಾಡುವ ಕೆಲಸ ಹಿಡಿದರು. 1972ರ ಸೆಪ್ಟೆಂಬರ್ ಕೊನೆಗೆ ಅಲ್ಲಿ 'ದಿ ಮೈಟಿ ವರ್ಲ್ಡ್ ಆಫ್ ಮಾರ್ವೆಲ್' ಶುರುವಾಯಿತು, ಅದು ವಾರಪತ್ರಿಕೆ. ಅಮೆರಿಕದ ಮಾಸಿಕ ಕಥೆಗಳನ್ನು ವಾರವಾರಕ್ಕೆ ತುಂಡು ಮಾಡಬೇಕು. ಕಥೆಯ ಮಧ್ಯದಲ್ಲಿ ಶುರುವಾಗುವ ಕಂತಿಗೆ ಹೊಸ ಆರಂಭದ ಪುಟ ಬರೆಸಬೇಕು, ಪ್ರತಿ ವಾರ ಹೊಸ ಮುಖಪುಟ. ನ್ಯೂಯಾರ್ಕಿನಲ್ಲಿ ಕೂತು ಸಮುದ್ರದಾಚೆಯ ಓದುಗರಿಗೆ ಇದನ್ನು ಮಾಡಿದರು. ಮುಂದೆ ಕಂಪನಿಯ ವೈಸ್ ಪ್ರೆಸಿಡೆಂಟ್ ಆದರು, ಸ್ಪೆಷಲ್ ಪ್ರಾಜೆಕ್ಟ್ಸ್ ವಿಭಾಗ ನೋಡಿಕೊಂಡರು. 1984ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೂ ಮಾರ್ವೆಲ್‌ನಲ್ಲೇ ಇದ್ದರು.

ಡಿಸಿಯಲ್ಲೂ ಇದೇ ದಾರಿ ಇತ್ತು. ಸಾಲ್ ಹ್ಯಾರಿಸನ್ ಬಣ್ಣ ಬೇರ್ಪಡಿಸುವ ಕೆಲಸದಿಂದ ಬಂದು ಪ್ರೊಡಕ್ಷನ್ ನೋಡಿಕೊಂಡು 1976ರಲ್ಲಿ ಕಂಪನಿಯ ಅಧ್ಯಕ್ಷರೇ ಆದರು. ಅವರ ಜೊತೆಗಿದ್ದ ಜಾಕ್ ಆಡ್ಲರ್ ಬೂದು ಬಣ್ಣದ ವಾಶ್ (ನೀರು ಬೆರೆಸಿ ತೆಳುವಾಗಿಸಿದ ಮಸಿ) ಬಳಸಿ ಮಾಡಿದ ಮುಖಪುಟಗಳು ಇವತ್ತಿಗೂ ಬೆರಗು ಹುಟ್ಟಿಸುತ್ತವೆ. ಪ್ರೊಡಕ್ಷನ್‌ನಲ್ಲಿ ಕೂತೇ ಹೊಸ ಕಲೆ ಮಾಡಿದವರು ಅವರು.


ಒತ್ತಕ್ಷರ:

ತಡವಾಗಿ ಬಂದೆ. ಕಪ್ಪುಮಸಿ ಅವರು ಮಾಡುತ್ತಿರುವುದು ಕನ್ನಡ ಕಾಮಿಕ್ಸ್ ಆದರೆ ಒಂದೆರಡು ಮಾತು ಸೇರಿಸುತ್ತೇನೆ.

ನಮ್ಮಲ್ಲಿ ಚಿತ್ರಕಥೆ ಅಂದರೆ ಮೊದಲಿನಿಂದಲೂ ಹಲವು ಭಾಷೆಯ ಕೆಲಸ. 1964ರಲ್ಲಿ ಶುರುವಾದ 'ಇಂದ್ರಜಾಲ' ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಅಮರ ಚಿತ್ರಕಥೆಯ ಶುರುವೂ ಬೆಂಗಳೂರಿನ ಕಡೆಯಿಂದಲೇ. ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಮ್ 1965ರಲ್ಲಿ ವಿದೇಶಿ ಕಥೆಗಳ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಆ ಹತ್ತು ಪುಸ್ತಕ ಇದ್ದಿದ್ದರಿಂದಲೇ ಕಾರ್ಕಳದ ಅನಂತ ಪೈ ಅವರ ಇಂಗ್ಲಿಷ್ ಸರಣಿಯ 'ಕೃಷ್ಣ' 11ನೇ ನಂಬರಿನಿಂದ ಶುರುವಾಗುತ್ತದೆ.

ನಾಲ್ಕು ಬಣ್ಣದ ಮುದ್ರಣದಲ್ಲಿ ಭಾಷೆ ಬದಲಾಯಿಸಬೇಕಾದರೆ ಕಪ್ಪು ಪ್ಲೇಟ್ ಒಂದನ್ನು ಬದಲಾಯಿಸಿದರೆ ಸಾಕು, ಬಾಕಿ ಮೂರು ಹಾಗೇ ಇರುತ್ತವೆ. ಆದರೆ ಮಾತು ಬರೆಯುವ ಬಲೂನಿನ ಜಾಗ ಇಂಗ್ಲಿಷ್ ದೊಡ್ಡಕ್ಷರಕ್ಕೆ ಅಂತ ಬಿಟ್ಟಿದ್ದರೆ ಕನ್ನಡ ಹಿಡಿಸುವುದಿಲ್ಲ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ದೀರ್ಘ ಅಕ್ಕಪಕ್ಕ ಜಾಗ ತಿನ್ನುತ್ತದೆ, ಸಾಲುಗಳ ನಡುವೆ ಜಾಸ್ತಿ ಅಂತರ ಬೇಕು. ಒಮ್ಮೆ ನಾನು ಲೆಟರಿಂಗ್ ಮಾಡಿದ ಪುಸ್ತಕದಲ್ಲಿ ಒತ್ತುಗಳೆಲ್ಲ ಬಲೂನಿನ ಗೆರೆಗೆ ತಾಗಿ, ಅಚ್ಚಿನಲ್ಲಿ ಓದಲಾಗದಂತೆ ಬಂದವು. ಪ್ರಕಾಶಕರ ಕಡೆಯಲ್ಲಿ ಎಲ್ಲರೂ ಫೈಲ್ ನೋಡಿದ್ದರು, ತಾರೀಖು ನೋಡಿದ್ದರು. ಪುಟವನ್ನು ಪುಟವಾಗಿ ನೋಡುವವರು ಯಾರೂ ಇರಲಿಲ್ಲ. ಚಿತ್ರ ಬರೆದು ಗೊತ್ತಿರುವವರು ಆ ಕುರ್ಚಿಯಲ್ಲಿದ್ದಿದ್ದರೆ ಪೆನ್ಸಿಲ್ ಹಂತದಲ್ಲೇ "ಇಲ್ಲಿ ಬಲೂನ್ ದೊಡ್ಡದು ಮಾಡಿ, ಆ ಕಟ್ಟಡ ಸ್ವಲ್ಪ ಪಕ್ಕಕ್ಕೆ ಸರಿಸಿ" ಅನ್ನುತ್ತಿದ್ದರು. ಹಾಗಾಗಿ ನೀವು ಒಪ್ಪಿಕೊಂಡರೆ ನಮ್ಮಂಥವರಿಗೆ ಸಂತೋಷ.


ಪ್ಲೇಟ್‌ಮೇಕರ್:

ಒತ್ತಕ್ಷರ ಹೇಳಿದ್ದು ನೂರಕ್ಕೆ ನೂರು ನಿಜ. ಪ್ರೆಸ್‌ಗೆ ಬಂದ ಮೇಲೆ ನಾವು ಏನೂ ಮಾಡಲಾಗುವುದಿಲ್ಲ.


ಕಪ್ಪುಮಸಿ:

ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ಮಾಲೀಕರ ಹತ್ತಿರ ಒಂದು ಷರತ್ತು ಇಡಬೇಕು ಅಂತಿದ್ದೇನೆ. ಮುಖಪುಟಗಳ ಇಂಕಿಂಗ್ ನನ್ನ ಕೈಯಲ್ಲೇ ಇರಲಿ ಅಂತ. ಕೇಳಬಹುದಾ?


ಗೆರೆಗಾರ್ತಿ:

ಖಂಡಿತ ಕೇಳಿ. ಆದರೆ ಮುಖಪುಟ ಬೇಡ, ಒಳಗಿನ ಚಿಕ್ಕ ಕಥೆ ಒಂದನ್ನು ಕೇಳಿ. ಮುಖಪುಟ ಯಾವಾಗಲೂ ಮೊದಲು ಬೇಕಾಗುತ್ತದೆ, ಮಾರಾಟದವರು ಅದನ್ನೇ ಕಾಯುತ್ತಿರುತ್ತಾರೆ. ನೀವೇ ತಡ ಮಾಡಿದರೆ ಬೇರೆಯವರಿಗೆ ಹೇಳಲು ನಿಮಗೆ ಬಾಯಿ ಇರುವುದಿಲ್ಲ. ನಾಲ್ಕು ಪುಟದ ಕಥೆ, ಎರಡು ಸಂಚಿಕೆ ಮುಂಚೆಯೇ ಬರೆದಿಟ್ಟುಕೊಳ್ಳಬಹುದು. ಯಾರಾದರೂ ಪುಟ ಕೊಡದೆ ಕೈ ಎತ್ತಿದ ತಿಂಗಳು ಅದೇ ಕೆಲಸಕ್ಕೆ ಬರುತ್ತದೆ. ಜೊತೆಗೆ ಪ್ರೊಡಕ್ಷನ್ ಮಾಡಿದವರ ಹೆಸರು, ಲೆಟರಿಂಗ್ ಮಾಡಿದವರ ಹೆಸರು ಪ್ರತಿ ಸಂಚಿಕೆಯಲ್ಲೂ ಅಚ್ಚಾಗಬೇಕು ಅಂತ ಬರೆಸಿಕೊಳ್ಳಿ. ಬಾಯಿಮಾತು ಸಾಕಾಗುವುದಿಲ್ಲ.